ಪಕ್ಕದ ಹೊಲಕ್ಕೆ 15,000, ನನ್ನ ಹೊಲಕ್ಕೆ 7,740: ಬೆಳೆ ಪರಿಹಾರದ ಲೆಕ್ಕ ಹೇಗೆ?

ಪ್ರಶ್ನೆ: "ನಮ್ಮೂರು ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ನದಿ ದಂಡೆಗೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಳೆ ಬಂದು ಎಂಟು ದಿನ ಹೊಲದಲ್ಲಿ ನೀರು ನಿಂತಿತ್ತು. ನನ್ನ ಹೆಸರಲ್ಲಿ 2 ಎಕರೆ 10 ಗುಂಟೆ ಇದೆ, ಪೂರ್ತಿ ತೊಗರಿ. ಅದಕ್ಕೆ 7,740 ರೂಪಾಯಿ ಬಂದಿದೆ. ಬದುವಿಗೆ ಬದು ಹತ್ತಿದ ಪಕ್ಕದವರಿಗೂ ಅಷ್ಟೇ ಹೊಲ, ಅದೇ ತೊಗರಿ. ಅವರಿಗೆ 15,000ಕ್ಕಿಂತ ಜಾಸ್ತಿ ಬಂದಿದೆ. ಅಪ್ಪನ ಹೆಸರಿನ 5 ಎಕರೆ 20 ಗುಂಟೆಗೆ ಒಂದು ರೂಪಾಯಿಯೂ ಬಂದಿಲ್ಲ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯಿತು. ಮನೆಯಲ್ಲಿ ಅವ್ವ, ನಾನು, ತಮ್ಮ. ತಂಗಿಯ ಮದುವೆಯಾಗಿದೆ. ಇದಲ್ಲದೆ 3 ಎಕರೆ ಲಾವಣಿಗೆ (ಗುತ್ತಿಗೆಗೆ) ಹಿಡಿದು ಹತ್ತಿ ಹಾಕಿದ್ದೆ. ಅದರ ದುಡ್ಡು ಪುಣೆಯಲ್ಲಿರುವ ಹೊಲದ ಮಾಲೀಕರ ಖಾತೆಗೆ ಹೋಗಿದೆ. ತೊಗರಿಗೆ ವಿಮೆ ಕಟ್ಟಿದ್ದೇನೆ. ಪರಿಹಾರ ತಗೊಂಡರೆ ವಿಮೆ ಬರಲ್ಲ ಅಂತಾರೆ, ನಿಜವೇ? ಊರಲ್ಲಿ ಒಬ್ಬರು ಎರಡು ಸಾವಿರ ಕೊಟ್ಟರೆ ಎಲ್ಲ ಸರಿ ಮಾಡಿಸುತ್ತೇನೆ ಅನ್ನುತ್ತಿದ್ದಾರೆ. ಕೊಡಲೋ ಬೇಡವೋ? ಹೊಲದ ಒಂದು ಕಡೆ ಗೇಣುದ್ದ ಹೂಳು ಕೂತಿದೆ, ಹಿಂಗಾರಿಯೂ ಬಿತ್ತಿಲ್ಲ."
ಒಬ್ಬ ರೈತ, ಕಲಬುರಗಿ ಜಿಲ್ಲೆ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಆ ಎರಡು ಸಾವಿರ ಕೊಡಬೇಡಿ. ಈ ಹಣ ಕಂಪ್ಯೂಟರ್‌ನಲ್ಲಿ ಲೆಕ್ಕ ಆಗಿ ನೇರ ಖಾತೆಗೆ ಬೀಳುತ್ತದೆ. ನಡುವೆ ನಿಂತವರು ಮಾಡುವ ಕೆಲಸ ಏನಂದರೆ, ನೀವೇ ಕೊಡಬಹುದಾದ ಅರ್ಜಿಯನ್ನು ನಿಮ್ಮ ಹೆಸರಲ್ಲಿ ಕೊಡುವುದು. ಜೊತೆಗೆ ನಿಮ್ಮ ಆಧಾರ್, ಪಾಸ್‌ಬುಕ್ ನಕಲು ಅವರ ಕೈಲಿ ಉಳಿಯುತ್ತದೆ. ಅದು ಎರಡು ಸಾವಿರಕ್ಕಿಂತ ದೊಡ್ಡ ನಷ್ಟ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತು ಬರೆಯದೆಯೇ ಇದೆ. ಪಕ್ಕದವರು ಯಾರಿಗೋ ಕೊಟ್ಟು ಮಾಡಿಸಿಕೊಂಡಿದ್ದಾರೆ ಅನ್ನುವ ಅನುಮಾನ. ರೈತ ಸಂಪರ್ಕ ಕೇಂದ್ರದಲ್ಲಿ ಕೂತು ನಾನು ಇಂಥ ಜಗಳ ಬಹಳ ನೋಡಿದ್ದೇನೆ. ಬದುವಿನ ಆಚೆ ಈಚೆ ಇರುವವರು ಮಾತು ಬಿಟ್ಟಿದ್ದನ್ನೂ ನೋಡಿದ್ದೇನೆ. ಹೆಚ್ಚಿನ ಸಲ ಕಾರಣ ಲಂಚ ಆಗಿರಲಿಲ್ಲ, ದಾಖಲೆ ಆಗಿತ್ತು. ಒಬ್ಬರ ಪಹಣಿ, ಆಧಾರ್, ಬ್ಯಾಂಕ್ ಖಾತೆ, ಬೆಳೆ ಸಮೀಕ್ಷೆ ನಾಲ್ಕೂ ಒಂದಕ್ಕೊಂದು ಹೊಂದಿದ್ದವು. ಇನ್ನೊಬ್ಬರದು ಎಲ್ಲೋ ಒಂದು ಕಡೆ ತಪ್ಪಿತ್ತು.

ಈಗ 'ಪರಿಹಾರ' ಅನ್ನುವ ಪದಕ್ಕೆ ಬರೋಣ. ಈ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಪರಿಹಾರ ಅಂದ ಕೂಡಲೇ ಎಷ್ಟು ಹಾಳಾಯಿತೋ ಅಷ್ಟು ತುಂಬಿಕೊಡುತ್ತಾರೆ ಅಂದುಕೊಳ್ಳುತ್ತೇವೆ. ಕೇಂದ್ರದ ನಿಯಮದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಮುಂದಿನ ಬಿತ್ತನೆಗೆ ಬೀಜ, ಗೊಬ್ಬರ ಕೊಳ್ಳಲು ಒಂದು ಕೈಆಸರೆ. ಹೋದ ಬೆಳೆಯ ಬೆಲೆ ಅಲ್ಲ. ಎಕರೆಗೆ ನೀವು ಎಷ್ಟು ಹಾಕಿದ್ದಿರಿ, ಎಷ್ಟು ಚೀಲ ತೊಗರಿ ಬರುತ್ತಿತ್ತು, ಮಾರುಕಟ್ಟೆ ದರ ಎಷ್ಟಿತ್ತು, ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇದು ಸಾಲದು ಅಂತ ನಿಮಗೆ ಅನ್ನಿಸಿದರೆ ಅದು ಸರಿಯಾಗಿಯೇ ಇದೆ. ನನಗೂ ಹಾಗೇ ಅನ್ನಿಸುತ್ತದೆ.

ಆಗಿನ ದರ ಹೀಗಿತ್ತು. 2022ರಿಂದ 2025-26ರವರೆಗಿನ ನಿಯಮದಂತೆ ಮಳೆ ಆಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500 ರೂಪಾಯಿ. ನೀರಾವರಿಗೆ 17,000. ಬಹುವಾರ್ಷಿಕ ಬೆಳೆಗೆ 22,500. ಅದಕ್ಕೂ ಮೊದಲು ಮಳೆ ಆಶ್ರಿತಕ್ಕೆ 6,800 ಮಾತ್ರ ಇತ್ತು. ಒಬ್ಬ ರೈತನಿಗೆ ಹೆಚ್ಚೆಂದರೆ 2 ಹೆಕ್ಟೇರ್, ಅಂದರೆ ಸುಮಾರು 4 ಎಕರೆ 37 ಗುಂಟೆಗೆ ಮಾತ್ರ. 2025ರಲ್ಲಿ ಭೀಮಾ ಉಕ್ಕಿದಾಗ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರ್‌ಗೆ ಇನ್ನೂ 8,500 ಕೊಡುವುದಾಗಿ ಹೇಳಿತು. ಹಾಗಾಗಿ ಮಳೆ ಆಶ್ರಿತಕ್ಕೆ 17,000, ನೀರಾವರಿಗೆ 25,500, ಬಹುವಾರ್ಷಿಕಕ್ಕೆ 31,000 ಆಯಿತು. ಎಕರೆಗೆ ಇಳಿಸಿದರೆ ನಿಮ್ಮ ತೊಗರಿಗೆ 6,880 ರೂಪಾಯಿ ಹತ್ತಿರ ಬರಬೇಕು.

ಇನ್ನೊಂದು ಮಾತು ಹಳ್ಳಿಹಳ್ಳಿಯಲ್ಲೂ ಕೇಳುತ್ತೇನೆ. ಶೇ. 33 ಹಾಳಾದರೆ ಶೇ. 33ರಷ್ಟು ಹಣ, ಪೂರ್ತಿ ಹಾಳಾದರೆ ಪೂರ್ತಿ ಹಣ ಅಂತ. ಹಾಗಲ್ಲ. ಶೇ. 33 ಅನ್ನುವುದು ಒಳಗೆ ಬರುವ ಬಾಗಿಲು ಅಷ್ಟೇ. ಅದನ್ನು ದಾಟಿದರೆ ಎಲ್ಲರಿಗೂ ಒಂದೇ ದರ, ಶೇ. 40 ಹೋಗಿರಲಿ, ಶೇ. 100 ಹೋಗಿರಲಿ. 2015ಕ್ಕೆ ಮೊದಲು ಈ ಬಾಗಿಲು ಶೇ. 50ರಲ್ಲಿತ್ತು. ಅರ್ಧಕ್ಕೆ ಹತ್ತಿರ ಬೆಳೆ ಹೋದರೂ ಎಷ್ಟೋ ಜನ ಹೊರಗೇ ಉಳಿಯುತ್ತಿದ್ದರು.

ಈಗ ನಿಮ್ಮ 7,740. 2 ಎಕರೆ 10 ಗುಂಟೆ ಅಂದರೆ 0.91 ಹೆಕ್ಟೇರ್. ಅದನ್ನು 8,500ರಿಂದ ಗುಣಿಸಿ ನೋಡಿ. ಹೆಚ್ಚುಕಡಿಮೆ ಇದೇ ಮೊತ್ತ ಬರುತ್ತದೆ. 17,000ದಿಂದ ಗುಣಿಸಿದರೆ 15,480. ಅದು ಪಕ್ಕದವರಿಗೆ ಬಂದ ಮೊತ್ತ. ಅಂದರೆ ನಿಮಗೆ ಸರಿಯಾಗಿ ಅರ್ಧ ಬಂದಿದೆ. ಸುಮ್ನೆ ಕಡಿಮೆ ಮಾಡಿದ್ದರೆ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಅರ್ಧಕ್ಕೆ ಬರುತ್ತಿರಲಿಲ್ಲ ಅಲ್ವಾ? ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಮೂಲ ದರದ ಹಣ ಮಾತ್ರ ಜಮಾ ಆಗಿದೆ, ರಾಜ್ಯದ ಹೆಚ್ಚುವರಿ ಭಾಗ ನಿಮಗೆ ಇನ್ನೂ ಬಂದಿಲ್ಲ, ಅಥವಾ ಬ್ಯಾಂಕ್ ಹಂತದಲ್ಲಿ ವಾಪಸಾಗಿದೆ. ಎರಡು ಭಾಗ ಬೇರೆ ಬೇರೆ ದಿನ ಬರಬಹುದು. ಎರಡನೆಯದು, ನಿಮ್ಮ ಹೊಲದ ಅರ್ಧ ಭಾಗವನ್ನು ಮಾತ್ರ ಹಾನಿ ಎಂದು ಬರೆದಿದ್ದಾರೆ. ಯಾವುದು ಅಂತ ತಿಳಿಯುವುದು ಕಷ್ಟವಲ್ಲ. ಕಂದಾಯ ಇಲಾಖೆಯ ಪರಿಹಾರ ತಂತ್ರಾಂಶದಲ್ಲಿ ಯಾವ ವರ್ಷ, ಯಾವ ಹಂಗಾಮು, ಯಾವ ವಿಪತ್ತು ಎಂದು ಆರಿಸಿ ನಿಮ್ಮ ಆಧಾರ್ ಅಥವಾ ಎಫ್‌ಐಡಿ (ರೈತರ ನೋಂದಣಿ ಸಂಖ್ಯೆ) ಹಾಕಿದರೆ ಸ್ಥಿತಿ ಕಾಣುತ್ತದೆ. ನಿಮ್ಮ ಗ್ರಾಮ ಆಡಳಿತ ಅಧಿಕಾರಿ ಹತ್ತಿರವೂ ನೋಡಿಸಬಹುದು. ಅಲ್ಲಿ ಹಣ ಎಷ್ಟು ಅನ್ನುವುದಕ್ಕಿಂತ ಮೊದಲು ವಿಸ್ತೀರ್ಣ ಎಷ್ಟು ಬರೆದಿದೆ ನೋಡಿ. ಅದೇ ನಿಮ್ಮ ಉತ್ತರ.

ವಿಸ್ತೀರ್ಣ ಸರಿ ಇದ್ದು ಹಣ ಮಾತ್ರ ಬಂದಿಲ್ಲ ಅಂದರೆ ಬ್ಯಾಂಕ್ ಕಡೆ ಹೋಗಬೇಕು. ಪರಿಹಾರದ ಹಣ ನೀವು ಅರ್ಜಿಯಲ್ಲಿ ಬರೆದುಕೊಟ್ಟ ಖಾತೆ ನಂಬರಿಗೆ ಬರುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆ ಯಾವುದೋ ಅಲ್ಲಿಗೆ ಬರುತ್ತದೆ. ಎಲ್ಲೋ ಮೊಬೈಲ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಹೊಸ ಖಾತೆ ತೆರೆದಿದ್ದರೆ ಹಣ ಅಲ್ಲಿ ಕೂತಿರುತ್ತದೆ. ಹೀಗೆ ತಮಗೇ ನೆನಪಿಲ್ಲದ ಖಾತೆಯಲ್ಲಿ ಬರ ಪರಿಹಾರ, ಪಿಎಂ ಕಿಸಾನ್ ಕಂತು ಎಲ್ಲ ಸೇರಿ ಬಿದ್ದಿದ್ದನ್ನು ಕಂಡವರಿದ್ದಾರೆ. ಬ್ಯಾಂಕಿಗೆ ಹೋದಾಗ "ಆಧಾರ್ ಲಿಂಕ್ ಆಗಿದೆಯಾ" ಅಂತ ಕೇಳಬೇಡಿ. ಆಗಿದೆ ಅನ್ನುತ್ತಾರೆ, ಕೆವೈಸಿಗೆ ಕೊಟ್ಟ ಆಧಾರ್ ನೋಡಿ ಹೇಳುತ್ತಾರೆ. "ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೆ ಇದೆಯಾ, ಚಾಲ್ತಿಯಲ್ಲಿದೆಯಾ" ಅಂತ ಕೇಳಿ. ಈ ಎರಡು ಬೇರೆ ಬೇರೆ. ಆಧಾರ್ ಮೇಲೆ ಬರುವ ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕು ಅನ್ನುವ ದಾಖಲೆಯೇ ಈ ಮ್ಯಾಪಿಂಗ್. ಆಧಾರ್‌ನಲ್ಲಿರುವ ಹೆಸರು, ಪಹಣಿಯಲ್ಲಿರುವ ಹೆಸರು ಹೊಂದುತ್ತವೆಯೇ ಅದನ್ನೂ ನೋಡಿ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಹಣ ನಿಂತ ಉದಾಹರಣೆ ಇವೆ.

ವಿಸ್ತೀರ್ಣವೇ ಅರ್ಧ ಆಗಿದ್ದರೆ ದಾರಿ ಬೇರೆ, ಸ್ವಲ್ಪ ಉದ್ದವೂ ಹೌದು. ಹೊಲದಲ್ಲಿ ಏನು ಬೆಳೆ ಇದೆ ಅನ್ನುವುದನ್ನು ಹಂಗಾಮಿನ ಬೆಳೆ ಸಮೀಕ್ಷೆ ಹೇಳುತ್ತದೆ. ನೀವೇ ಆ್ಯಪ್‌ನಲ್ಲಿ ಫೋಟೊ ಹಾಕಬಹುದು. ಹಾಕದಿದ್ದರೆ ಊರಿನ ಖಾಸಗಿ ನಿವಾಸಿ, ಜನ ಪಿಆರ್ ಅಂತ ಕರೆಯುವ ಹುಡುಗರು, ಬಂದು ಫೋಟೊ ತೆಗೆಯುತ್ತಾರೆ. ನೂರಾರು ಸರ್ವೆ ನಂಬರು, ಕಡಿಮೆ ದಿನ. ತೊಗರಿಯ ಸಾಲಿನ ನಡುವೆ ಹೆಸರುಕಾಳಿನ ಬೆಳೆ ಇದ್ದರೆ ಅರ್ಧ ಹೆಸರು, ಅರ್ಧ ತೊಗರಿ ಅಂತ ಬರೆದುಬಿಡುವುದುಂಟು. ಮಳೆ ಬಂದು ಬೆಳೆ ಹಾಳಾದ ಮೇಲೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಮೊದಲ ದಾಖಲೆಯಲ್ಲಿ ಏನಿದೆಯೋ ಅದರ ಮೇಲೆ ಇದು ಕೂರುತ್ತದೆ. ನಿಮ್ಮ ಹೊಲದಲ್ಲಿ ಹೆಸರು ಅಥವಾ ಉದ್ದು ಅಕ್ಕಡಿ (ಸಾಲಿನ ನಡುವಿನ ಬೆಳೆ) ಇತ್ತೇ? ಇದ್ದರೆ ಗೊಂದಲ ಅಲ್ಲೇ ಆಗಿರಬಹುದು. ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರು ಹಾಕಿದರೆ ಯಾವ ಬೆಳೆ ಬರೆದಿದ್ದಾರೆ, ಯಾವ ಫೋಟೊ ಹಾಕಿದ್ದಾರೆ ಎರಡೂ ಕಾಣುತ್ತವೆ.

ತೊಗರಿಯದು ಇನ್ನೊಂದು ಕಷ್ಟ. ಹತ್ತಿ, ಹೆಸರು ನೀರಲ್ಲಿ ನಿಂತರೆ ಹಾಳಾದದ್ದು ಕೂಡಲೇ ಕಣ್ಣಿಗೆ ಕಾಣುತ್ತದೆ. ತೊಗರಿ ಹಾಗಲ್ಲ. ನೀರು ಇಳಿದ ಮೇಲೂ ಕೆಲವು ದಿನ ಹಸಿರಾಗಿಯೇ ನಿಲ್ಲುತ್ತದೆ. ಒಳಗೆ ಬೇರಿಗೆ ಉಸಿರು ಕಟ್ಟಿರುತ್ತದೆ. ಆಮೇಲೆ ಗಿಡ ಜೋಲುತ್ತದೆ, ಒಣಗುತ್ತದೆ. ಸಮೀಕ್ಷೆ ತಂಡ ಹಸಿರು ಇರುವಾಗ ಬಂದು ಹೋದರೆ ಆ ಭಾಗ ಚೆನ್ನಾಗಿದೆ ಅಂತ ಬರೆಯುತ್ತಾರೆ. ಒಣಗಿದ ಮೇಲೆ ಹೋಗಿ ಕೇಳಿದರೆ ಇದು ನೆಟೆ ರೋಗ, ಪ್ರವಾಹ ಅಲ್ಲ ಅನ್ನುತ್ತಾರೆ. ರೋಗಕ್ಕೆ ವಿಪತ್ತು ನಿಧಿಯ ನಿಯಮದಲ್ಲಿ ಜಾಗ ಇಲ್ಲ. 2022-23ರಲ್ಲಿ ಕಲಬುರಗಿ ಕಡೆ ನೆಟೆ ರೋಗಕ್ಕೆ ಹೆಕ್ಟೇರ್‌ಗೆ 10,000 ಕೊಟ್ಟದ್ದು ಸರ್ಕಾರ ಬೇರೆಯಾಗಿ ತೀರ್ಮಾನ ಮಾಡಿದ್ದರಿಂದ. ಆದ್ದರಿಂದ ನೀರು ನಿಂತ ದಿನದ ಫೋಟೊ ನಿಮ್ಮ ಫೋನಲ್ಲಿ ಇದ್ದರೆ ಅಳಿಸಬೇಡಿ. ದಿನಾಂಕ ಇರುವ ಆ ಫೋಟೊ ದೊಡ್ಡ ಆಧಾರ.

ಆಕ್ಷೇಪಣೆಯನ್ನು ತಹಶೀಲ್ದಾರರಿಗೆ ಬರೆದು ಕೊಡಿ. ಸರ್ವೆ ನಂಬರು, ಹಿಸ್ಸಾ, ಎಫ್‌ಐಡಿ, ಬಂದ ಹಣ, ಬರಬೇಕಾದ ವಿಸ್ತೀರ್ಣ ಇಷ್ಟಿದ್ದರೆ ಸಾಕು. ಸ್ವೀಕೃತಿ ಇಲ್ಲದೆ ಬರಬೇಡಿ. ಬಾಯಿಮಾತಲ್ಲಿ ಹೇಳಿ ಬಂದದ್ದು ಹೇಳದ ಹಾಗೆಯೇ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಜಂಟಿ ಸಮೀಕ್ಷೆಯ ನಕಲು ಕೇಳಬಹುದು. ಶುಲ್ಕ 10 ರೂಪಾಯಿ, ಅವಧಿ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಅದಕ್ಕೆ ಅಪ್ಪನ ಹೊಲ, ಲಾವಣಿ ಹೊಲ ಎಲ್ಲ ಒಂದೇ ಹಾಳೆಯಲ್ಲಿ ಸೇರಿಸಬೇಡಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅರ್ಜಿಯಲ್ಲಿ ಪಕ್ಕದವರ ಹೆಸರು ಎತ್ತಬೇಡಿ. ನಿಮ್ಮ ಕೆಲಸ ನಿಮ್ಮ ದಾಖಲೆ ಸರಿ ಮಾಡಿಸುವುದು. ಅವರಿಗೆ ತಪ್ಪಾಗಿ ಬಂದಿದೆ ಅಂತ ತನಿಖೆ ಶುರುವಾದರೆ ನಿಮಗೆ ಒಂದು ರೂಪಾಯಿ ಜಾಸ್ತಿ ಬರುವುದಿಲ್ಲ, ಊರಲ್ಲಿ ನೆಮ್ಮದಿ ಮಾತ್ರ ಹೋಗುತ್ತದೆ.

ಹೂಳಿನ ವಿಷಯ ನೀವು ಕೊನೆಗೆ ಒಂದು ಸಾಲಲ್ಲಿ ಬರೆದು ಬಿಟ್ಟಿದ್ದೀರಿ. ನನ್ನ ಕಣ್ಣು ಮೊದಲು ಅಲ್ಲೇ ನಿಂತಿತು. ಹೊಲದ ಮೇಲೆ ಮೂರು ಇಂಚಿಗಿಂತ ಜಾಸ್ತಿ ಹೂಳು ಅಥವಾ ಮರಳು ಕೂತಿದ್ದರೆ ಅದನ್ನು ತೆಗೆಸಲು ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹೆಕ್ಟೇರ್‌ಗೆ 18,000 ರೂಪಾಯಿ ನೆರವು ಇದೆ. ಇದು ಬೆಳೆ ಹಾನಿಯ ಲೆಕ್ಕ ಅಲ್ಲ, ಭೂಮಿ ಹಾನಿಯ ಲೆಕ್ಕ. ನದಿ ಪಾತ್ರ ಬದಲಿಸಿ ಭೂಮಿಯೇ ಕೊಚ್ಚಿ ಹೋಗಿದ್ದರೆ 47,000. ಭೀಮಾ ದಂಡೆಯ ಎಷ್ಟೋ ಜನ ಬೆಳೆ ಪಟ್ಟಿಯಲ್ಲಿ ಹೆಸರು ಬಂತು ಅಂತ ಸುಮ್ಮನಾಗುತ್ತಾರೆ, ಇದನ್ನು ಕೇಳುವುದೇ ಇಲ್ಲ. ಗೇಣುದ್ದ ಅಂದರೆ ಮೂರು ಇಂಚಿಗಿಂತ ಎಷ್ಟೋ ಜಾಸ್ತಿ. ಹೂಳು ತೆಗೆಸುವ ಮೊದಲು ಗ್ರಾಮ ಆಡಳಿತ ಅಧಿಕಾರಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಅಳತೆ ಬರೆಸಿ. ಜೆಸಿಬಿ ಇಳಿಸಿದ ಮೇಲೆ ಅಲ್ಲಿ ಹೂಳು ಇತ್ತು ಅಂತ ಯಾರಿಗೂ ತೋರಿಸಲು ಆಗುವುದಿಲ್ಲ.

ಪರಿಹಾರ ತಗೊಂಡರೆ ವಿಮೆ ಬರಲ್ಲ ಅನ್ನುವುದು ಶುದ್ಧ ಸುಳ್ಳು. ಪರಿಹಾರ ಸರ್ಕಾರ ಕೊಡುವುದು. ವಿಮೆ ನೀವು ಕಂತು ಕಟ್ಟಿ ಕೊಂಡದ್ದು, ಮುಂಗಾರಿಗೆ ವಿಮಾ ಮೊತ್ತದ ಶೇ. 2. ಎರಡೂ ಪಡೆಯಬಹುದು. ಆದರೆ ವಿಮೆಯ ದಾರಿ ಬೇರೆ. ಅದು ಸಾಮಾನ್ಯವಾಗಿ ನಿಮ್ಮ ಒಬ್ಬರ ಹೊಲ ನೋಡುವುದಿಲ್ಲ, ನಿಮ್ಮ ವಿಮಾ ಘಟಕದಲ್ಲಿ (ಗ್ರಾಮ ಪಂಚಾಯಿತಿ ಅಥವಾ ಹೋಬಳಿ) ಕೊಯ್ಲಿನ ಹೊತ್ತಿಗೆ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ನೋಡುತ್ತದೆ. ತೊಗರಿ ಕೊಯ್ಲು ಡಿಸೆಂಬರ್, ಜನವರಿ. ಹಣ ಅದಾದ ಮೇಲೆ. ಹೊಲ ಮುಳುಗಿದ್ದಕ್ಕೆ ವೈಯಕ್ತಿಕವಾಗಿ ಕೇಳುವುದಿದ್ದರೆ 72 ಗಂಟೆಯೊಳಗೆ ದೂರು ಕೊಡಬೇಕಿತ್ತು. ವಿಮೆಯ ಸಹಾಯವಾಣಿ 14447ಕ್ಕೆ ಫೋನ್ ಮಾಡಿದ್ದಿರೋ ಇಲ್ಲವೋ ನೀವು ಬರೆದಿಲ್ಲ. ಮಾಡಿದ್ದರೆ ದೂರಿನ ಸಂಖ್ಯೆ ಹುಡುಕಿ ಇಟ್ಟುಕೊಳ್ಳಿ. ಮಾಡದಿದ್ದರೂ ಸರಾಸರಿ ಇಳುವರಿಯ ಮೇಲೆ ಬರುವ ಹಣದಲ್ಲಿ ನಿಮ್ಮ ಪಾಲು ಹೋಗುವುದಿಲ್ಲ. ಇಲ್ಲೂ ಬೆಳೆ ಸಮೀಕ್ಷೆಯೇ ಮುಖ್ಯ. ವಿಮೆ ತೊಗರಿಗೆ ಕಟ್ಟಿ ಸಮೀಕ್ಷೆಯಲ್ಲಿ ಬೇರೆ ಬೆಳೆ ಇದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ.

ಬಂದ ಹಣವನ್ನು ಬ್ಯಾಂಕ್ ಹಳೆ ಸಾಲಕ್ಕೆ ಹಿಡಿದುಕೊಂಡರೆ ಏನು ಮಾಡುವುದು ಅಂತ ಬೇರೆ ಓದುಗರೂ ಕೇಳುತ್ತಾರೆ. 2024ರಲ್ಲಿ ಬರ ಪರಿಹಾರ ಬಂದಾಗಲೂ ಇದು ಆಗಿತ್ತು. ಆಗ ಸರ್ಕಾರ ಸಾಲಕ್ಕೆ ಜಮಾ ಮಾಡಬಾರದು ಎಂದು ಬ್ಯಾಂಕುಗಳಿಗೆ ಸೂಚಿಸಿತ್ತು. ಹಾಗೆ ಆದರೆ ಶಾಖೆಗೆ ಬರೆದು ಕೊಡಿ, ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕಳಿಸಿ.

ಲಾವಣಿ ಹೊಲದ ಬಗ್ಗೆ ನಿಮಗೆ ಸಮಾಧಾನದ ಮಾತು ಹೇಳಲು ನನ್ನಲ್ಲಿ ಇಲ್ಲ. ಬೀಜ ನಿಮ್ಮದು, ಬೆವರು ನಿಮ್ಮದು, ನಷ್ಟ ನಿಮ್ಮದು. ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಇದು ಅನ್ಯಾಯ ಅಂತ ನಾನು ಎಷ್ಟೋ ಸಭೆಯಲ್ಲಿ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಇದರ ಬೇರು ಹಳೆಯದು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಲಕ್ಷಾಂತರ ಗೇಣಿದಾರರಿಗೆ ಅದರಿಂದ ಭೂಮಿ ಸಿಕ್ಕಿತು, ಅದು ದೊಡ್ಡ ಕೆಲಸ. ಆದರೆ ಆಮೇಲೆ ಹುಟ್ಟಿದ ಲಾವಣಿ, ಪಾಲು ಎಲ್ಲ ಬಾಯಿಮಾತಿನದಾಯಿತು. ಕಾಗದದಲ್ಲಿ ಬರೆದರೆ ಹೊಲ ಹೋಗುತ್ತದೆ ಅನ್ನುವ ಭಯ ಮಾಲೀಕರಿಗೆ ಇವತ್ತಿಗೂ ಇದೆ. ಅದಕ್ಕೆ ಬಲವಂತವಾಗಿ ಪಹಣಿಯಲ್ಲಿ ಹೆಸರು ಹಾಕಿಸಲು ಹೋದರೆ ಮುಂದಿನ ವರ್ಷ ಹೊಲವೇ ಸಿಗುವುದಿಲ್ಲ.

ಇರುವ ದಾರಿ ಮಾತುಕತೆ. 3 ಎಕರೆಗೆ ಮಳೆ ಆಶ್ರಿತ ದರದಲ್ಲಿ ಎರಡು ಭಾಗವೂ ಸೇರಿ 20,600 ರೂಪಾಯಿಯ ಆಸುಪಾಸು ಅವರಿಗೆ ಬಂದಿರಬೇಕು. ಪೂರ್ತಿ ಕೊಡಿ ಅಂದರೆ ಮಾತು ಮುರಿಯಬಹುದು. ಮುಂದಿನ ವರ್ಷದ ಲಾವಣಿಯಲ್ಲಿ ಅಷ್ಟು ಅಥವಾ ಅದರ ಅರ್ಧ ಮುರಿದುಕೊಳ್ಳಿ ಅಂತ ಕೇಳಿದರೆ ಒಪ್ಪುವವರು ಜಾಸ್ತಿ. ಕೈಯಿಂದ ಕೊಡುವುದು ಅವರಿಗೆ ಕಷ್ಟ, ಬರುವುದರಲ್ಲಿ ಬಿಡುವುದು ಸುಲಭ. ಊರಿನ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಮಾತಾಡಿ. ಮುಂದೆ ಲಾವಣಿ ಹಿಡಿಯುವಾಗಲೇ "ಪರಿಹಾರ ಬಂದರೆ ಯಾರದು" ಅನ್ನುವುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.

ಕೊನೆಗೆ ಅಪ್ಪನ 5 ಎಕರೆ 20 ಗುಂಟೆ. ನಿಮಗೆ ಜಾಸ್ತಿ ಹಣ ತಪ್ಪಿರುವುದು ಇಲ್ಲೇ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರಿದೆ. ಹಣ ಪಹಣಿಯ ಹೆಸರು ನೋಡಿ, ಆ ಹೆಸರಿನ ಎಫ್‌ಐಡಿ, ಆಧಾರ್ ಹಿಡಿದು ಹೋಗುತ್ತದೆ. ತೀರಿಕೊಂಡವರ ಆಧಾರ್‌ಗೆ ಹಣ ಹೋಗದೆ ನಿಲ್ಲಬಹುದು, ಅಥವಾ ಅವರ ಹಳೆ ಖಾತೆಗೆ ಬಿದ್ದಿರಬಹುದು. ಹಾಗೆ ಬಿದ್ದಿದ್ದರೆ ಅಪ್ಪನ ಎಟಿಎಂ ಕಾರ್ಡಿನಿಂದ ತೆಗೆಯಲು ಹೋಗಬೇಡಿ. ಬಹಳ ಮನೆಗಳಲ್ಲಿ ಹಾಗೆ ಮಾಡುತ್ತಾರೆ, ಆಮೇಲೆ ಅಣ್ಣತಮ್ಮಂದಿರ ನಡುವೆ ಅದೇ ಜಗಳ ಆಗುತ್ತದೆ. ಮರಣ ಪ್ರಮಾಣಪತ್ರ ಕೊಟ್ಟು ವಾರಸುದಾರರಾಗಿ ಬ್ಯಾಂಕಿನಲ್ಲಿ ಕೇಳಿ.

ಪೌತಿ ಖಾತೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದನ್ನು, ಇನ್ನು ಮುಂದೂಡಬೇಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಇಟ್ಟುಕೊಂಡು ನಾಡಕಚೇರಿಯಲ್ಲಿ ಅಥವಾ ಗ್ರಾಮ ಆಡಳಿತ ಅಧಿಕಾರಿ ಹತ್ತಿರ ಅರ್ಜಿ ಕೊಡಿ. ನೋಟಿಸ್ ಹಾಕಿ 30 ದಿನ ತಕರಾರಿಗೆ ಸಮಯ ಕೊಡುತ್ತಾರೆ. ತಕರಾರು ಬರದಿದ್ದರೆ ಖಾತೆ ಬದಲಾಗುತ್ತದೆ. ಅದಾದ ಮೇಲೆ ಪ್ರತಿಯೊಬ್ಬರೂ ತಮ್ಮ ಎಫ್‌ಐಡಿಗೆ ಆ ಸರ್ವೆ ನಂಬರು ಸೇರಿಸಿಕೊಳ್ಳಬೇಕು. ಆಗಿಹೋದ ಹಂಗಾಮಿನ ಹಣ ಖಾತೆ ಬದಲಾದ ಕೂಡಲೇ ತಾನಾಗಿ ಬರುವುದಿಲ್ಲ. ತಹಶೀಲ್ದಾರರಿಗೆ ಬೇರೆ ಅರ್ಜಿ ಕೊಟ್ಟು ಕೇಳಬೇಕು, ಅದರಲ್ಲಿ ಖಾತ್ರಿ ಕೊಡಲು ನನಗೆ ಆಗುವುದಿಲ್ಲ. ಆದರೆ ಮುಂದಿನ ಸಲಕ್ಕೆ ಲಾಭ ಖಂಡಿತ ಇದೆ. 2 ಹೆಕ್ಟೇರ್ ಮಿತಿ ಒಬ್ಬ ರೈತನಿಗೆ. ಅಪ್ಪನ ಒಬ್ಬರ ಹೆಸರಲ್ಲಿದ್ದರೆ 5 ಎಕರೆ 20 ಗುಂಟೆಯಲ್ಲಿ ಮೇಲಿನ 20 ಗುಂಟೆಗೂ ಜಾಸ್ತಿ ಬಿಟ್ಟುಹೋಗುತ್ತದೆ. ನಾಲ್ಕು ಜನರ ಹೆಸರಿಗೆ ಬಂದರೆ ಒಬ್ಬೊಬ್ಬರ ಪಾಲು ಮಿತಿಯ ಒಳಗೇ ಇರುತ್ತದೆ.

ನಾಲ್ಕು ಜನ ಅಂದೆ. ಅವ್ವ, ನೀವು, ತಮ್ಮ, ತಂಗಿ. ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟು ಬೇಗ ಮುಗಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮದುವೆಯಾದ ಹೆಣ್ಣುಮಗಳಿಗೂ ಹಕ್ಕಿದೆ. ಹೆಸರು ಬಿಟ್ಟು ಮಾಡಿಸಿದ ಖಾತೆ ಹತ್ತು ವರ್ಷದ ಮೇಲೂ ರದ್ದಾಗಬಹುದು, ಆಗ ಬಂದ ಹಣ ವಾಪಸ್ ಕಟ್ಟುವ ಪ್ರಸಂಗ ಬರಬಹುದು. ಆಕೆ ತನ್ನ ಪಾಲು ಬೇಡ ಅಂದರೆ ಅದನ್ನು ಆಕೆಯೇ ಉಪನೋಂದಣಿ ಕಚೇರಿಯಲ್ಲಿ ಬರೆದುಕೊಡಲಿ, ಅದು ಆಕೆಯ ಇಷ್ಟ. ಇವತ್ತೇ ತಂಗಿಗೆ ಫೋನ್ ಮಾಡಿ. ಮುಂದಿನ ಸಲ ತವರಿಗೆ ಬರುವಾಗ ಆಧಾರ್ ತಗೊಂಡು ಬಾ ಅನ್ನಿ.